ಚಳಿಗಾಲದಲ್ಲಿ ಕೂಗಿದ ಕಪ್ಪೆ

ಮುಂಡ್ಕಿನಬೈಲಿನವರು ಮಳೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಟಿ.ವಿ. ಹಾಕುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ವಾಪಸು ಬರುವಾಗ ಕುಸುಮಕ್ಕನ ಮನೆಯ ದಣಪೆಯ ಹತ್ತಿರ ನಿಂತು, "ಹ್ವಾಯ್ ಕುಸುಮಕ್ಕಾ, ಇವತ್ತ್ ಹೆಂಗಿತ್ತ್?" ಎಂದು ಒಂದು ಕೂಗು ಹಾಕಿದರೆ ಮುಗಿಯಿತು. ಅವಳು ಒಳಗಿನಿಂದಲೇ ಉತ್ತರ ಕೊಡುತ್ತಾಳೆ. ಹಪ್ಪಳ ಒಣಗಿಸುವವರು, ಸ್ಲ್ಯಾಬ್ ಹಾಕಿಸುವವರು, ಮದುವೆಗೆ ಚಪ್ಪರ ಹಾಕುವವರು, ಉದ್ದು ಬಿತ್ತುವವರು ಎಲ್ಲರೂ ಅವಳ ಗಿರಾಕಿಗಳೇ. ಕುಂದಾಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಹೊಳೆಗೆ ಸೇರುವ ಒಂದು ತೋಡಿನ ದಂಡೆಯ ಮೇಲೆ ನಲವತ್ತು ಮನೆ, ಅಷ್ಟೇ ಊರು. ಇಲ್ಲಿ ಕುಸುಮಾವತಿ ಶೆಡ್ತಿಯ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. 'ಹವಾಮಾನ ಕುಸುಮಕ್ಕ' ಎನ್ನಿ, ಮೂರು ವರ್ಷದ ಮಗುವೂ ಕೈ ತೋರಿಸುತ್ತದೆ.

ಈ ಬಿರುದು ಪುಕ್ಕಟೆ ಸಿಕ್ಕಿದ್ದಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಮದುವೆಯಾಗಿ ಈ ಮನೆಗೆ ಬಂದಳು. ಗಂಡ ಭೋಜಣ್ಣ ಮದುವೆಯ ಒಂದು ತಿಂಗಳಿಗೆ ಮುಂಬಯಿಯ ತನ್ನ ಕ್ಯಾಂಟೀನಿಗೆ ಹೊರಟುಹೋದ. ಆಮೇಲೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮಾವಿನಹಣ್ಣಿನ ಹಾಗೆ ಬಂದು ಹೋಗುವ ಗಂಡ. ಮಗ ಸುಜಿತ್ ಹುಟ್ಟಿದ, ಬೆಳೆದ, ಅತ್ತೆ ತೀರಿಕೊಂಡರು. ಬೆಳಗಿನ ಜಾವ ಬಚ್ಚಲಿನ ಹಂಡೆಗೆ ಬೆಂಕಿ ಒಟ್ಟಿ ಕೂತರೆ ಮಾತಾಡಲು ಒಂದು ಜೀವ ಇರುತ್ತಿರಲಿಲ್ಲ. ಬೇಜಾರೆಂದರೆ ಬೇಜಾರು. ಏನು ಮಾಡುತ್ತಾಳೆ? ಕಣ್ಣೆದುರು ಇದ್ದದ್ದನ್ನು ನೋಡತೊಡಗಿದಳು. ಮೂವತ್ತೈದು ವರ್ಷ ನೋಡಿದಳು.

ಹಾಗೆ ನೋಡಿ ನೋಡಿ ಅವಳಿಗೆ ಗೊತ್ತಾದದ್ದು ಒಂದೆರಡಲ್ಲ. ಹುಲ್ಲಿನ ಮೇಲಿನ ಜೇಡರ ಬಲೆ ಇಬ್ಬನಿಯಿಂದ ತೊಯ್ದು ಜೋತುಬಿದ್ದಿದ್ದರೆ ಆ ದಿನ ಖಡಾಖಡಿ ಬಿಸಿಲು. ಮೂಡುಗಾಳಿ ಬೀಸಿ ತುಟಿ ಒಡೆಯಲು ಶುರುವಾದರೆ ಮಳೆಗಾಲದ ಋಣ ಹರಿಯಿತೆಂದೇ ಅರ್ಥ. ಬಾಲ ಕುಣಿಸುತ್ತ ಅಂಗಳಕ್ಕೆ ಬಂದಿಳಿಯುವ ಬೂದು ಹಕ್ಕಿಯನ್ನು ಪುಸ್ತಕದವರು ಸಿಪಿಲೆ ಎನ್ನುತ್ತಾರೆ, ಊರವರು ಕುಂಡೆಕುಸ್ಕ ಎನ್ನುತ್ತಾರೆ. ಹೆಸರು ಯಾವುದಾದರೇನು, ಅದು ಬಂದ ವಾರವೇ ಅವಳು ಪೆಟ್ಟಿಗೆಯಿಂದ ಕಂಬಳಿ ತೆಗೆಯುತ್ತಾಳೆ. ನವರಂಗ ಹಕ್ಕಿ ಗೇರುಗುಡ್ಡೆಯ ತರಗೆಲೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಶಿಳ್ಳೆ ಹೊಡೆದು ಸುಮ್ಮನಾಗುತ್ತದೆ, ಆಫೀಸಿನ ಹಾಜರಿ ಹಾಕಿದ ಹಾಗೆ. ಇವೆಲ್ಲ ಸಣ್ಣ ಸಾಕ್ಷಿಗಳು. ಅವಳ ಕೋರ್ಟಿನಲ್ಲಿ ದೊಡ್ಡ ಸಾಕ್ಷಿ ಎಂದರೆ ಕಪ್ಪೆ. ಒಂದು ವರ್ಷ ಡಿಸೆಂಬರಿನಲ್ಲಿ, ಆಕಾಶ ತೊಳೆದಿಟ್ಟ ಹಾಗಿದ್ದಾಗ, ಮರಗಪ್ಪೆಗಳು ಎರಡು ದಿನ ಬಿಡದೆ ವಟಗುಟ್ಟಿದವು. ಮೂರನೇ ದಿನ ಎಲ್ಲಿಯದೋ ಚಂಡಮಾರುತದ ಬಾಲ ಬಂದು ಹೊಡೆದು, ಅಂಗಳದಲ್ಲಿ ಮೊಣಕಾಲು ಮಟ್ಟ ನೀರು. ಕುಸುಮಕ್ಕ ಮೊದಲೇ ಹೇಳಿದ್ದಳು. ಅಂದಿನಿಂದ ಊರಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲ.

ಇಂಥ ಮನೆಗೆ ಭೋಜಣ್ಣ ಕಳೆದ ವರ್ಷ ಕ್ಯಾಂಟೀನು ಬೇರೆಯವರಿಗೆ ಕೊಟ್ಟು ಕಾಯಂ ಆಗಿ ಬಂದ. ಅರುವತ್ತನಾಲ್ಕು ವರ್ಷ, ಎರಡು ಸೂಟ್‌ಕೇಸು, ಒಂದು ಮಂಕಿ ಟೋಪಿ. ನಮ್ಮ ಕಡೆಯ ಚಳಿ ಅಂದರೆ ಎಷ್ಟು ಹೇಳಿ? ಬೆಳಿಗ್ಗೆ ಒಂದು ಚಾದರ ಹೊದ್ದರೆ ಹೆಚ್ಚು, ಒಂಬತ್ತು ಗಂಟೆಗೆ ಬೆವರು. ಭೋಜಣ್ಣ ಮಾತ್ರ ನವೆಂಬರ್ ಒಂದಕ್ಕೇ ಟೋಪಿ ಹಾಕಿ ಜಗಲಿಯಲ್ಲಿ ಕೂರುವನು, ಕಾಣುವುದು ಎರಡು ಕಣ್ಣು, ಒಂದು ಮೂಗು. ಉಪ್ಪಿನ ಡಬ್ಬ ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ಯಾವ ಬಾಗಿಲನ್ನು ಎತ್ತಿ ಹಾಕಬೇಕು, ಯಾವುದನ್ನು ದೂಡಬೇಕು, ಅದೂ ಗೊತ್ತಿಲ್ಲ. ಮಗ ಸುಜಿತ್, ಸೊಸೆ ಸುಪ್ರೀತಾ ಇಬ್ಬರೂ ಬೆಳಿಗ್ಗೆ ಕುಂದಾಪುರಕ್ಕೆ ಕೆಲಸಕ್ಕೆ ಹೋದರೆ ಬರುವುದು ಏಳು ಗಂಟೆಗೆ. ಹಗಲಿಡೀ ಈ ಇಬ್ಬರೇ, ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಮೊದಲ ಬಾರಿ ಒಟ್ಟಿಗೆ.

"ಕುಸುಮಾ, ಆ ದೊಡ್ ಮೂಗಿನ ಹಕ್ಕಿ ಯಾವ್ದ್ ಮರಾಯ್ತಿ? ಮೂಗಿನ್ ಮೇಲ್ ಇನ್ನೊಂದ್ ಮೂಗ್ ಇತ್ತಲೆ!"

"ಅದ್ ಮಂಗಟ್ಟಿ. ನಿನ್ನೆಯೂ ಹೇಳಿದ್ದೆ."

"ನಿನ್ನೆದ್ ಬೇರೆ ಅಲ್ದಾ?"

"ನಿನ್ನೆದೂ ಅದೇ. ಕೇಂಡವ್ರೂ ನೀವೇ."

ಹೀಗೆ ಬಾಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ಒಳಗೆ ಅವಳಿಗೆ ಖುಷಿಯೇ. ಇಷ್ಟು ವರ್ಷ ಯಾರಿಗೂ ತೋರಿಸದೆ ಇಟ್ಟುಕೊಂಡದ್ದನ್ನು ತೋರಿಸಲು ಒಬ್ಬ ಸಿಕ್ಕಿದ್ದ. ಅವನಿಗೋ ತಾನು ಈ ಮನೆಗೆ ನೆಂಟನಂತೆ ಬಂದು ಕೂತಿದ್ದೇನೆ ಎಂಬ ಸಂಕಟ. ಏನಾದರೂ ಕೆಲಸಕ್ಕೆ ಬರಬೇಕು ಎಂದು ಹಾತೊರೆಯುತ್ತಿದ್ದ.

ಆ ಅವಕಾಶವನ್ನು ಅವಳ ಮಂಡಿನೋವು ಒದಗಿಸಿತು. ಬಚ್ಚಲುಕೊಟ್ಟಿಗೆಯ ಹಿಂದೆ, ಆರು ಕಲ್ಲಿನ ಮೆಟ್ಟಿಲು ಇಳಿದರೆ ಕುಸುಮಕ್ಕನ ಬಸಳೆ ಚಪ್ಪರ. ಬಸಳೆಗೆ ಚಳಿಗಾಲದಲ್ಲಿ ದಿನಾ ನೀರು ಬೇಕು. ಅವಳದು ಲೆಕ್ಕದ ನೀರು, ಸಂಜೆಗೆ ಇಪ್ಪತ್ತು ಕೊಡಪಾನ, ಬುಡಕ್ಕೇ ಹೊಯ್ಯಬೇಕು. ಈ ಸಲ ದೀಪಾವಳಿ ಕಳೆದದ್ದೇ ಮಂಡಿ ಊದಿಕೊಂಡು ಮೆಟ್ಟಿಲು ಇಳಿಯಲಾರದೆ ಹೋದಳು.

"ನೀ ಕೂಕೋ. ನೀರ್ ನಾ ಹೊರ್ತೆ," ಎಂದ ಭೋಜಣ್ಣ.

"ಪೈಪ್‌ಗೀಪ್ ಎಳುದ್ ಬ್ಯಾಡ. ಪೈಪಿನ ನೀರ್ ಕುಡ್ದ್ರ್ ಬಸಳಿ ಸೊಕ್ಕಿ ಬರೀ ಎಲಿ ಬಿಡ್ತ್, ದಂಟ್ ಬತ್ತಿಲ್ಲೆ."

"ಅರೆ, ಟೆನ್ಶನ್ ನಕೋ. ಇಪ್ಪತ್ತಂದ್ರೆ ಇಪ್ಪತ್ತೇ."

ಸಂಜೆ ಐದೂವರೆಗೆ ಬಸಳೆ ಚಪ್ಪರದ ಕಡೆಯಿಂದ ಠಣ್ ಎಂದು ಕೊಡಪಾನದ ಸದ್ದು, ಏದುಸಿರು, ಮತ್ತೆ "ಒಂದ್... ಎರ್ಡ್..." ಎಂಬ ಎಣಿಕೆ ಜಗಲಿಗೆ ಕೇಳಿಬರುತ್ತಿತ್ತು. ಕುಸುಮಕ್ಕ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುತ್ತಿದ್ದಳು. ಡೈರಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಎಲ್ಲೆಂದರಲ್ಲಿ ಹೇಳಿಕೊಂಡು ಬಂದಳು: "ನಮ್ಮನಿಯವ್ರ್ ಈ ಪ್ರಾಯದಗೆ ದಿನಾ ಇಪ್ಪತ್ ಕೊಡಪಾನ ನೀರ್ ಹೊರ್ತ್ರ್ ಮಾರ್ರೆ!" ಊರ ಹೆಂಗಸರು ತಮ್ಮ ಗಂಡಂದಿರ ಮುಖ ನೋಡಿದರು.

ಡಿಸೆಂಬರ್ ಬಂತು. ತೋಡಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಹೊತ್ತು. ಈ ಹಲಗೆಯ ವಿಷಯ ಸ್ವಲ್ಪ ಹೇಳಬೇಕು. ಮಳೆಗಾಲವಿಡೀ ತೋಡಿನ ನೀರು ಕಿಂಡಿಗಳ ಮೂಲಕ ಹೊಳೆಗೆ ಓಡುತ್ತದೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ಕಟ್ಟಿದರೆ ಮೇಲೆ ಸಿಹಿನೀರು ನಿಲ್ಲುತ್ತದೆ, ಊರ ಬಾವಿಗಳು ಮೇ ತಿಂಗಳವರೆಗೆ ಬತ್ತುವುದಿಲ್ಲ. ತಡಮಾಡಿದರೆ ಅಮಾವಾಸ್ಯೆಯ ಉಬ್ಬರಕ್ಕೆ ಸಮುದ್ರದ ಉಪ್ಪುನೀರು ಹೊಳೆ ಹತ್ತಿ ತೋಡಿಗೆ ನುಗ್ಗುತ್ತದೆ. ಹಾಗೆಂದು ಅವಸರ ಮಾಡಿ ಹಲಗೆ ಹಾಕಿದ ಮೇಲೆ ಒಂದು ದೊಡ್ಡ ಮಳೆ ಬಂದರೆ ನೀರು ಹಿಂದಕ್ಕೆ ಒತ್ತಿ, ಬೈಲಿನಲ್ಲಿ ಬಿತ್ತಿದ ಉದ್ದು ಕೊಳೆಯುತ್ತದೆ. ಎರಡರ ನಡುವಿನ ದಿನ ಹುಡುಕಬೇಕು. ಆ ದಿನ ಹೇಳುವುದು ಕುಸುಮಕ್ಕ.

ಡೈರಿಯ ಕಾರ್ಯದರ್ಶಿ ಸುಧೀರ್ ಹಲಗೆ ಸಮಿತಿಗೂ ಕಾರ್ಯದರ್ಶಿ. ಅವನು ಬುಧವಾರ ಬೆಳಿಗ್ಗೆ ದಣಪೆ ದಾಟಿ ಒಳಗೇ ಬಂದ. ಜೊತೆಗೆ ಕೆಳಗದ್ದೆಯ ಗುಡ್ಡಣ್ಣನೂ ಇದ್ದ. ಗುಡ್ಡಣ್ಣನ ಮನೆ ಅಣೆಕಟ್ಟಿಗೆ ತೀರಾ ಹತ್ತಿರ, ಅವನ ಬಾವಿ ತೋಡಿನಿಂದ ಹತ್ತು ಮಾರು ದೂರ. ಉದ್ದು ಬಿತ್ತಿ ನಾಲ್ಕು ದಿನ ಆಗಿತ್ತು.

"ಆಯ್ತ್ವಾರ ಹಲ್ಗಿ ಹಾಕುದ್ ಅಂದೇಳಿ ಮಾಡಿತ್. ಮುಂದಿನ ಶುಕ್ರವಾರ ಅಮಾಸಿ. ನಿಮ್ಮದೊಂದ್ ಮಾತ್ ಬಾಕಿ ಕುಸುಮಕ್ಕ," ಎಂದ ಸುಧೀರ್.

"ಹಾಕ್ಬೇಡಿ," ಎಂದಳು ಅವಳು. "ಕಪ್ಪಿ ಕೂಗ್ತಾ ಇತ್ತ್. ಮೂರ್ ದಿನ ಆಯ್ತ್."

"ಮೊಬೈಲಲ್ ಹತ್ ದಿನ ಸೊನ್ನೆ ತೋರ್ಸ್ತ್."

"ನಿಮ್ ಮೊಬೈಲಿಗ್ ಚರ್ಮ ಇತ್ತಾ ಸುಧೀರ? ಕಪ್ಪಿಗ್ ಇತ್ತ್."

ಸುಧೀರ್ ಪೆಚ್ಚಾಗಿ ಫೋನು ಕಿಸೆಗೆ ಹಾಕಿಕೊಂಡ. ಕುಸುಮಕ್ಕ ಗುಡ್ಡಣ್ಣನ ಕಡೆ ತಿರುಗಿ ಹೇಳಿದಳು: "ನಿಮ್ಮ ಉದ್ದಿನ ಸಲುವಾಗಿಯೇ ಹೇಳುದ್ ಗುಡ್ಡಣ್ಣ. ಎಂಟ್ ದಿನ ತಡೀನಿ. ಮಳಿ ಬಂದ್ ಹೋಯ್ಲಿ."

"ಕುಸುಮಕ್ಕ ಹೇಳ್ರ್ ಅಂದ್ರ್ ಮುಗ್ದ್ ಹೋಯ್ತ್," ಎಂದ ಗುಡ್ಡಣ್ಣ. ಅಷ್ಟೇ. ಹಲಗೆ ಮುಂದಕ್ಕೆ ಹೋಯಿತು.

ನಿಜ ಹೇಳಬೇಕೆಂದರೆ ಆ ದಿನ ಅವಳಿಗೂ ಒಂದು ಸಣ್ಣ ಕಸಿವಿಸಿ ಇತ್ತು. ಜೇಡರ ಬಲೆ ತೊಯ್ದು ತೊಪ್ಪೆಯಾಗಿತ್ತು, ಮೂಡುಗಾಳಿ ಬೀಸುತ್ತಿತ್ತು. ಎಲ್ಲ ಸಣ್ಣ ಸಾಕ್ಷಿಗಳೂ ಬಿಸಿಲು ಬಿಸಿಲು ಎಂದವು. ಕಪ್ಪೆ ಒಂದೇ ಮಳೆ ಎಂದಿತು. ಆದರೆ ದೊಡ್ಡ ಸಾಕ್ಷಿ ದೊಡ್ಡದಲ್ಲವೇ? ಬೆಳಿಗ್ಗೆ ಐದಕ್ಕೆ ಹಂಡೆಗೆ ಬೆಂಕಿ ಹಾಕುವಾಗ ಬಚ್ಚಲಿನ ಗೋಡೆಯ ಆಚೆಯಿಂದ ಟಕ್ ಟಕ್ ಟಕ್ ಎಂದು ಒಂದು ಶುರುಮಾಡಿದರೆ, ಹತ್ತು ಕೂಡಿಕೊಳ್ಳುತ್ತಿದ್ದವು. ಅವಳು ಕಿವಿ ನೆಟ್ಟಗೆ ಮಾಡಿ ಕೇಳಿ, ಆಕಾಶ ನೋಡಿ, ಬರುತ್ತದೆ, ಬಂದೇ ಬರುತ್ತದೆ ಎಂದುಕೊಳ್ಳುತ್ತಿದ್ದಳು.

ಮಳೆ ಬರಲಿಲ್ಲ. ಗುರುವಾರ ಇಲ್ಲ, ಶನಿವಾರ ಇಲ್ಲ, ಸೋಮವಾರವೂ ಇಲ್ಲ. ಆಕಾಶದಲ್ಲಿ ಹತ್ತಿಯಷ್ಟು ಮೋಡ ಕೂಡ ಇಲ್ಲ. ದಣಪೆಯ ಹತ್ತಿರ ಕೂಗುವವರ ದನಿಯಲ್ಲಿ ತುಸು ನಗೆ ಸೇರಿತು: "ಕುಸುಮಕ್ಕಾ, ಛತ್ರಿ ಹಿಡ್ಕಂಡೇ ಬಂದಿದ್ದೆ!" ಅವಳು ನಗಲಿಲ್ಲ. ಕಪ್ಪೆಗಳು ಮಾತ್ರ ದಿನದಿಂದ ದಿನಕ್ಕೆ ಇನ್ನೂ ಜೋರು. ಹಾಗಾಗಿ ಎಂಟು ದಿನ ಕಳೆದರೂ ಅವಳು ಹಲಗೆ ಹಾಕಿ ಎನ್ನಲಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಕೋಲು ಊರಿಕೊಂಡು, ಸಪಾಟಾದ ರಸ್ತೆಯಲ್ಲೇ ನಿಧಾನ ನಡೆದು ಅಣೆಕಟ್ಟಿನ ಹತ್ತಿರ ಹೋದಳು. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅಲ್ಲಿ ಏನು ಕಾಣಬೇಕು? ನೀರುನಾಯಿಗಳು! ಅಪ್ಪ, ಅಮ್ಮ, ಮೂರು ಮರಿ. ತಲೆ ಎತ್ತಿ ಅವಳನ್ನು ನೋಡಿ ಬುಸ್ ಎಂದು ಮುಳುಗಿ, ಕಿಂಡಿಯ ಈಚೆ ಎದ್ದು, ಒಂದು ಮರಿ ಬಾಯಲ್ಲಿ ಮೀನು ಕಚ್ಚಿಕೊಂಡು ಕಲ್ಲಿನ ಮೇಲೆ ಕೂತು ಕರುಮ್ ಕುರುಮ್ ತಿನ್ನತೊಡಗಿತು. ಎಷ್ಟು ವರ್ಷವಾಗಿತ್ತು ಇಡೀ ಸಂಸಾರವನ್ನು ಹೀಗೆ ನೋಡಿ! ಮಂಡಿನೋವು ಮರೆತು ನಿಂತಳು. ಭೋಜಣ್ಣನನ್ನು ಕರೆತರಬೇಕಿತ್ತು, ಯಾವ್ದ್ ಮರಾಯ್ತಿ ಇದ್ ಎಂದು ಕೇಳುತ್ತಿದ್ದ ಎಂದುಕೊಂಡಳು.

ಆಮೇಲೆ ಮರಿಯ ಬಾಯಲ್ಲಿದ್ದ ಮೀನು ಕಂಡಿತು. ಬೆಳ್ಳಿ ಬಣ್ಣದ, ಅಳಿವೆಯ ಕಡೆಯ ಮೀನು. ಸಿಹಿನೀರಿನದಲ್ಲ. ಕಷ್ಟಪಟ್ಟು ಬಾಗಿ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು. ಉಪ್ಪು.

ಅವಳು ಏಳುವ ಹೊತ್ತಿಗೆ ಗುಡ್ಡಣ್ಣ ದಂಡೆಯ ಮೇಲೆ ನಿಂತಿದ್ದ. "ದನ ಕಲಗಚ್ಚ್ ಮೂಸ್ಲಿಲ್ಲೆ ಬೆಳಿಗ್ಗಿ," ಎಂದ. "ಬಾವಿ ನೀರ್ ಬಾಯಿಗ್ ಹಾಕಿ ಕಂಡೆ. ಕುಸುಮಕ್ಕ, ಇನ್ನ್ ಆರ್ ತಿಂಗ್ಳ್ ನಾವ್ ಎಂತ ಕುಡುದ್?"

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಕೇಳಿದ ಅಷ್ಟೇ. ಸುಧೀರನಿಗೆ ಫೋನು ಮಾಡಿ ನಾಳೆ ಇಳಿತಕ್ಕೇ ಹಲಗೆ ಹಾಕಿಸು ಎಂದು ಹೇಳಿ ಮನೆಗೆ ಬಂದಳು. ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಭೋಜಣ್ಣ ಎಂದಿನಂತೆ ಬಸಳೆಗೆ ನೀರು ಹಾಕಲು ಹೋದ. ಠಣ್, ಉಸ್ಸಪ್ಪಾ, ಒಂದ್. ಠಣ್, ಉಸ್ಸಪ್ಪಾ, ಎರ್ಡ್. ಸೂರ್ಯ ಮುಳುಗುತ್ತಿದ್ದ ಹಾಗೆ ಕಪ್ಪೆಗಳು ಶುರುವಾದವು. ಕುಸುಮಕ್ಕನಿಗೆ ರೇಗಿಹೋಯಿತು. ಈ ಮುಂಡೇವಕ್ಕೆ ಏನು ಕೇಡು ಬಂದಿದೆ ನೋಡಿಯೇ ಬಿಡುತ್ತೇನೆ ಎಂದು ಎದ್ದಳು. ಬಚ್ಚಲುಕೊಟ್ಟಿಗೆಯ ಗೋಡೆ ಹಿಡಿದು, ಒಂದು ತಿಂಗಳ ಮೇಲೆ ಮೊದಲ ಸಲ, ಒಂದೊಂದೇ ಮೆಟ್ಟಿಲು ಇಳಿದಳು. ನಾಲ್ಕನೆಯ ಮೆಟ್ಟಿಲಿನಲ್ಲಿ ನಿಂತವಳು ನಿಂತೇಬಿಟ್ಟಳು.

ಭೋಜಣ್ಣ ಕೊನೆಯ ಮೆಟ್ಟಿಲಿನ ಮೇಲೆ ಕಾಲು ಚಾಚಿ ಕೂತಿದ್ದ. ಒಂದು ಕೈಯಲ್ಲಿ ಮೊಬೈಲು. ಇನ್ನೊಂದು ಕೈಯಲ್ಲಿ ಚೊಂಬು. ಪಕ್ಕದಲ್ಲಿ ಒಣಗಿದ ಕೊಡಪಾನ. ಮೊಬೈಲಿನಿಂದ ಕಣ್ಣು ತೆಗೆಯದೆ ಚೊಂಬಿನಿಂದ ಕೊಡಪಾನಕ್ಕೆ ಠಣ್ ಎಂದು ಬಡಿದು, "ಉಸ್ಸಪ್ಪಾ," ಎಂದು ನರಳಿ, "ಹದ್ನಾರ್!" ಎಂದು ಕೂಗಿದ.

"ಹದ್ನೇಳ್," ಎಂದಳು ಕುಸುಮಕ್ಕ.

ಚೊಂಬು ಉರುಳಿ ಹೋಯಿತು.

ಸೋಗೆ ಮುಚ್ಚಿದ ಒಂದು ಕಪ್ಪು ಪೈಪು ಟ್ಯಾಂಕಿನಿಂದ ಇಳಿದುಬಂದು, ಬಸಳೆಯ ಬುಡದಲ್ಲಿದ್ದ ಹಳೆಯ ಕಲ್ಲಿನ ಮರಿಗೆಗೆ ಬೀಳುತ್ತಿತ್ತು. ದನ ಇದ್ದ ಕಾಲದ ಮರಿಗೆ. ಅದು ತುಂಬಿ ತುಳುಕಿ, ಇಡೀ ಚಪ್ಪರದಡಿ ಪಚಪಚ ಕೆಸರು. ಪೈಪಿನ ಮೂತಿ ಬಿಗಿಯಾಗಿ ಮುಚ್ಚುವುದಿಲ್ಲ, ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ. ಮರಿಗೆಯ ಅಂಚಿನ ಮೇಲೆ ಮರಗಪ್ಪೆಗಳು ಸಾಲಾಗಿ ಕೂತು ಗಂಟಲುಬ್ಬಿಸಿ ಕೂಗುತ್ತಿದ್ದವು. ಬಸಳೆಯ ಎಲೆಗೆ ಅಂಟಿಸಿ ನೊರೆಯ ಗೂಡು ಬೇರೆ ಕಟ್ಟಿದ್ದವು, ಒಂದಲ್ಲ, ಮೂರು. ಅವಕ್ಕೆ ಮಳೆಯೂ ಬೇಡ, ಮೋಡವೂ ಬೇಡ. ಕುಸುಮಕ್ಕನ ಹಿತ್ತಿಲಲ್ಲೇ ಆಷಾಢ ಬಂದಿತ್ತು.

"ಎರ್ಡ್ ದಿನ ಹೊತ್ತೆ ಕುಸುಮಾ," ಎಂದ ಭೋಜಣ್ಣ ಮೆಲ್ಲಗೆ. "ಮೂರನೇ ದಿನ ಬೆನ್ನ್ ಹಿಡ್ಕಂತ್. ನೀ ಅಷ್ಟೊತ್ತಿಗೆ ಊರಿಡೀ ಹೇಳ್ಕಂಡ್ ಬಂದಿದ್ದೆ, ನಮ್ಮನಿಯವ್ರ್ ನೀರ್ ಹೊರ್ತ್ರ್ ಅಂದೇಳಿ. ಈ ಮನಿಯಲ್ ನಾ ಮಾಡಿದ್ ಕೆಲ್ಸ ಅದೊಂದೇ. ಅದೂ ಆತ್ತಿಲ್ಲೆ ಅಂದೇಳಿ ಹ್ಯಾಂಗ್ ಹೇಳುದ್?"

"ಮೂವತ್ತೈದ್ ವರ್ಷ ಒಬ್ಳೇ ಕೂಕಂಡ್ ಕಂಡ್ ಕಂಡ್ ಕಲ್ತದ್ದ್! ನೀವ್ ಒಂದ್ ಪೈಪಗ್ ತೊಳ್ದ್ ಹಾಕಿದ್ರಿ! ಗುಡ್ಡಣ್ಣನ ಬಾವಿ ಉಪ್ಪಾಯ್ತ್, ಗೊತ್ತಿತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ಪೈಪಿಗೂ ಬಾವಿಗೂ ಏನು ಸಂಬಂಧ ಎಂದು ಅವಳು ಬಿಡಿಸಿ ಹೇಳಿದಾಗ ಭೋಜಣ್ಣನ ಮುಖ ಮಂಕಿ ಟೋಪಿಯೊಳಗೆ ಇನ್ನಷ್ಟು ಸಣ್ಣದಾಯಿತು. ಕುಸುಮಕ್ಕ ಬಯ್ದಳು, ಬಯ್ದಳು, ಬಯ್ಯುತ್ತ ಅಳುವೂ ಬಂತು. ಅಳು ಅವನ ಮೇಲಿನ ಸಿಟ್ಟಿಗೆ ಬಂದದ್ದಲ್ಲ. ಅವಳಿಗೆ ಆ ಮೆಟ್ಟಿಲಿನ ಮೇಲೆ ನಿಂತಾಗ ಸರಿಯಾಗಿ ಗೊತ್ತಾಗಿತ್ತು, ತಪ್ಪು ಪೈಪಿನದಲ್ಲ. ಇಷ್ಟು ವರ್ಷ ಅವಳು ಏನನ್ನೂ ಕಣ್ಣಾರೆ ಕಾಣದೆ ಹೇಳಿದವಳಲ್ಲ. ಈ ಸಲ ಗೋಡೆಯ ಈಚೆ ಬೆಚ್ಚಗೆ ಕೂತು, ಕಿವಿಯಲ್ಲಿ ಕೇಳಿ, ಊರಿಗೇ ಹುಕುಂ ಕೊಟ್ಟಿದ್ದಳು. ಆರು ಮೆಟ್ಟಿಲು ಇಳಿಯಲು ಯಾರನ್ನಾದರೂ ಕೈ ಹಿಡಿಯಲು ಕರೆದಿದ್ದರೆ ಸಾಕಿತ್ತು.

"ನಾಳೆ ನೀವ್ ಬಾಯ್ ಬಿಡ್ಬೇಡಿ," ಎಂದಳು ಕಣ್ಣೊರೆಸಿಕೊಂಡು. "ಚೊಂಬ್ ಬಡ್ದ್ ಲೆಕ್ಕ ಹಾಕಿದ್ದ್ ಗೊತ್ತಾರೆ ಈ ಊರವ್ರ್ ಸಾಯ್ವವರಿಗೂ ನಿಮ್ಮನ್ನ್ ಬಿಡುದಿಲ್ಲೆ."

ಮರುದಿನ ಇಳಿತದ ಹೊತ್ತಿಗೆ ಇಪ್ಪತ್ತೈದು ಜನ ಅಣೆಕಟ್ಟಿನ ಹತ್ತಿರ ಸೇರಿದರು. ಗಂಡಸರು ಸೊಂಟದ ಮಟ್ಟದ ನೀರಿಗಿಳಿದು ಹಲಗೆ ಕೂರಿಸುತ್ತಿದ್ದರೆ, ಹೆಂಗಸರು ಬುಟ್ಟಿಯಲ್ಲಿ ಜೇಡಿಮಣ್ಣು ಸಾಗಿಸುತ್ತಿದ್ದರು. ಕುಸುಮಕ್ಕ ಕೋಲು ಊರಿ ದಂಡೆಯ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದಳು:

"ಎಲ್ಲರೂ ಒಂಚೂರ್ ಕೇಣಿ. ಹಲ್ಗಿ ಹಾಕ್ಬೇಡಿ ಅಂದೇಳಿ ನಾನೇ ಹೇಳಿದ್ದ್. ನಾ ಕಾಣ್ದೆ ಹೇಳ್ದೆ. ತಪ್ಪಾಯ್ತ್."

ಸುಧೀರ್, ಹೋಗಲಿ ಬಿಡಿ ಎನ್ನುವ ಹಾಗೆ ಕೈಯಾಡಿಸಿದ. ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತಿದ್ದ ಭೋಜಣ್ಣ, "ಅವ್ಳ್ ತಪ್ಪಲ್ಲ," ಎಂದು ಕೂಗಿಯೇಬಿಟ್ಟ. ಕುಸುಮಕ್ಕ ಕಣ್ಣು ಬಿಟ್ಟು ಹೆದರಿಸಿದರೂ ನಿಲ್ಲಲಿಲ್ಲ. ಪೈಪು, ಮರಿಗೆ, ಕಪ್ಪೆ ಎಲ್ಲ ಹೇಳಿದ. ಸುಮ್ಮನೆ ಹೇಳಿದ್ದರೂ ಆಗುತ್ತಿತ್ತು, ಮೂವತ್ತೈದು ವರ್ಷ ಕ್ಯಾಂಟೀನಿನಲ್ಲಿ ಗಿರಾಕಿಗಳನ್ನು ನಗಿಸಿದವನು, ಒಂದು ಮಣ್ಣಿನ ಬುಟ್ಟಿ ತಲೆಕೆಳಗೆ ಹಿಡಿದು, ಬಡಿದು, "ಉಸ್ಸಪ್ಪಾ! ಹದ್ನಾರ್!" ಎಂದು ಮಾಡಿಯೇ ತೋರಿಸಿದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ನಗುತ್ತ ಮಣ್ಣಿನ ಬುಟ್ಟಿ ಸಮೇತ ಕೂತೇಬಿಟ್ಟಳು.

ಗುಡ್ಡಣ್ಣ ನಗಲಿಲ್ಲ. ಹಲಗೆಯ ಸಂದಿಗೆ ಮಣ್ಣು ಒತ್ತುತ್ತ, "ನಂಗ್ ನಗುಕ್ ಆತ್ತಿಲ್ಲೆ ಭೋಜಣ್ಣ," ಎಂದ. ನಗು ಅಲ್ಲಿಗೇ ನಿಂತಿತು.

ಹಲಗೆ ಕೂತಿತು. ಮೇಲಿನಿಂದ ಸಣ್ಣಗೆ ಹರಿದುಬರುವ ಸಿಹಿನೀರು ದಿನಕ್ಕೆ ಒಂದು ಗೇಣಿನಂತೆ ಏರಿತು. ಬಾವಿಯ ಉಪ್ಪು ಅದರ ಒತ್ತಡಕ್ಕೆ ಹಿಂದೆ ಸರಿಯುತ್ತದೆ ಎಂದು ತಿಳಿದವರು ಹೇಳಿದರು, ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ. ಸುಜಿತ್ ದಿನಾ ಬೆಳಿಗ್ಗೆ ಬೈಕಿನಲ್ಲಿ ಎರಡು ಕ್ಯಾನು ನೀರು ಗುಡ್ಡಣ್ಣನ ಜಗಲಿಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಗುಡ್ಡಣ್ಣ ಕ್ಯಾನು ತೆಗೆದುಕೊಳ್ಳುತ್ತಿದ್ದ, ಮಾತು ಇಲ್ಲ.

ಭೋಜಣ್ಣ ಪೈಪು ಕಿತ್ತೊಗೆಯಲು ಹೊರಟಾಗ ಕುಸುಮಕ್ಕ ಬೇಡ ಎಂದಳು. ನೊರೆಗೂಡಿನಿಂದ ಮರಿಗಳು ಮರಿಗೆಗೆ ಉದುರಲು ಶುರುವಾಗಿದ್ದವು, ಈಗ ನೀರು ತೆಗೆದರೆ ಆ ಪಾಪವೂ ನಮಗೇ. ಬಸಳೆ ಎಲೆಯೂ ಬಿಟ್ಟಿತ್ತು, ದಂಟೂ ಹೆಬ್ಬೆರಳಿನಷ್ಟು ದಪ್ಪ ಬಂದಿತ್ತು. ಅದನ್ನು ಅವಳು ನೋಡಿದಳು, ಆ ಬಗ್ಗೆ ತುಟಿ ಬಿಚ್ಚಲಿಲ್ಲ.

ಆದರೆ ಬೆಳಿಗ್ಗೆ ಯಾರೂ ಕೂಗಲಿಲ್ಲ. ಹಾಲು ಹಾಕಿ ಬರುವವರು ದಣಪೆ ದಾಟಿ ಹಾಗೇ ಹೋಗುತ್ತಿದ್ದರು. ಕೋಪದಿಂದಲ್ಲ, ಅವಳಿಗೆ ಮುಜುಗರವಾದೀತೆಂದು. ಅದು ಕೋಪಕ್ಕಿಂತ ಕಡೆ. ಕುಸುಮಕ್ಕ ಎಂದಿನಂತೆ ಐದಕ್ಕೆ ಎದ್ದು ಬೆಂಕಿ ಹಾಕಿ, ಜೇಡರ ಬಲೆ ನೋಡಿ, ನವರಂಗದ ಶಿಳ್ಳೆ ಕೇಳಿ, ಯಾರಿಗೂ ಏನೂ ಹೇಳಲು ಇಲ್ಲದೆ ಒಳಗೆ ಬರುತ್ತಿದ್ದಳು.

"ನಂಗ್ ಹೇಳ್, ಇವತ್ತ್ ಹೆಂಗಿತ್ತ್?" ಎಂದು ಕೇಳುತ್ತಿದ್ದ ಭೋಜಣ್ಣ.

"ನಿಮ್ಗೆಂತಕೆ? ಮಳಿ ಬರ್ಲಿ ಬಿಡ್ಲಿ, ಟೋಪಿ ಅಂತೂ ತೆಗುದಿಲ್ಲೆ," ಎನ್ನುತ್ತಿದ್ದಳು. ಆದರೂ ಹೇಳುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಗುಡ್ಡಣ್ಣ ಬಂದ. ಕೈಯಲ್ಲಿ ತುಂಬಿದ ಚೊಂಬು. ಜಗಲಿಯ ಮೇಲಿಟ್ಟು, "ನಮ್ ಬಾವಿ ನೀರ್. ಕುಡ್ದ್ ಹೇಳಿ," ಎಂದ. ಮುಖ ನೋಡಿದರೆ ಏನೂ ಗೊತ್ತಾಗುವ ಹಾಗಿಲ್ಲ.

ಕುಸುಮಕ್ಕನ ಕೈ ಚೊಂಬಿನ ಹತ್ತಿರ ಹೋಗಿ ನಿಂತಿತು. ಭೋಜಣ್ಣ ಅದನ್ನು ನೋಡಿದವನೇ ಚೊಂಬು ಎತ್ತಿ, ಗಟಗಟ ಎರಡು ಗುಟುಕು ಕುಡಿದು, "ಏಕ್‌ದಮ್ ಸಿಹಿ! ಎಳ್ನೀರಿನ ಹಂಗಿತ್ತ್!" ಎಂದ.

ಅವಳು ಅವನ ಮುಖ ನೋಡಿದಳು. ಈ ಮನುಷ್ಯ ಸಮುದ್ರವನ್ನೇ ಕುಡಿಸಿದರೂ ತನ್ನ ಸಲುವಾಗಿ ಸಿಹಿ ಎನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಚೊಂಬು ತೆಗೆದುಕೊಂಡು ತಾನೇ ಕುಡಿದಳು. ಬಾಯಲ್ಲಿ ಇಟ್ಟುಕೊಂಡಳು. ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಸ್ವಲ್ಪ, ಬಹಳ ಸ್ವಲ್ಪ, ಉಳಿದಿತ್ತು. ಸಿಹಿ ಎಂದರೆ ಮುಗಿದುಹೋಗುತ್ತಿತ್ತು. ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು.

"ಇಲ್ಲೆ ಗುಡ್ಡಣ್ಣ," ಎಂದಳು. "ಉಪ್ಪ್ ಇನ್ನೂ ಇತ್ತ್. ಕಮ್ಮಿ ಆಯ್ತ್, ಹೋಯ್ಲಿಲ್ಲೆ."

ಗುಡ್ಡಣ್ಣ ಜಗಲಿಯ ಅಂಚಿಗೆ ಕೂತು, ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ.

"ಇತ್ತಲ್ದಾ? ನಂಗೂ ಹಂಗೇ ಕಂಡಿತ್. ಮನಿಯವ್ರೆಲ್ಲ ಸಿಹಿ ಆಯ್ತ್ ಸಿಹಿ ಆಯ್ತ್ ಅಂತ್ರ್, ನನ್ ಸಮಾಧಾನಕ್ಕೆ. ಸುಧೀರ ಬಂದ್ ಕುಡ್ದ್ ಅವನೂ ಸಿಹಿ ಅಂದ." ಬೈರಾಸು ಹೆಗಲಿಗೆ ಹಾಕಿ ಕೇಳಿದ: "ಗುಡ್ಡಿಯಗೆ ಗೇರ್ ಹೂಂಗ್ ಬಿಟ್ಟಿತ್. ಮೋಡ ಕಟ್ರೆ ಎಲ್ಲ ಕರ್ಚಿ ಹೋತ್ತ್. ಈ ವಾರ ಹೆಂಗೆ ಕುಸುಮಕ್ಕ?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಬೆಳಿಗ್ಗೆ ಬಲೆ ತೊಯ್ದಿತ್ತು, ಗಾಳಿ ಮೂಡಲಿನದು. ಆದರೆ ಗುಡ್ಡೆಯ ಕಡೆಗೆ ಅವಳು ಹೋಗಿ ಒಂದು ತಿಂಗಳ ಮೇಲಾಗಿತ್ತು.

"ಗೊತ್ತಿಲ್ಲೆ ಗುಡ್ಡಣ್ಣ," ಎಂದಳು. "ಇವ್ರ್ ಕೈ ಹಿಡ್ಕಂಡ್ ಗುಡ್ಡಿ ಹತ್ತಿ ಕಂಡ್ಕಂಡ್ ಬತ್ತೆ. ನಾಳೆ ಹೇಳ್ತೆ, ಆತ್ತಾ?"

"ಆತ್ತ್," ಎಂದ ಗುಡ್ಡಣ್ಣ. "ನಾ ಕಾಯ್ತೆ."